ಪದಚರ್ಚೆ: ಅನಾನಸಿನ ಜೆಲ್ಲಿ 'ಹೆಪ್ಪುಗಟ್ಟುತ್ತದೆ' ಎನ್ನಬಹುದೇ?

ಕೇಳಿಕೆ

ಅನಾನಸಿನಿಂದ ಮನೆಯಲ್ಲೇ ಮಾಡಬಹುದಾದ ಸಿಹಿತಿನಿಸುಗಳ ಕಿರುಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಎರಡು ಮಾತುಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು, ಜೆಲ್ಲಿ 'ಸೆಟ್' ಆಗುವುದು. 'ಹೆಪ್ಪುಗಟ್ಟುವವರೆಗೆ ತಣ್ಣಗಿಡಿ' ಎಂದು ಬರೆದಿದ್ದೆ. ಕರಡು ಓದಿ ಮಾಡಿ ನೋಡಿದ ಗೆಳತಿ ಬಟ್ಟಲನ್ನು ಫ್ರೀಜರಿನಲ್ಲಿ ಇಟ್ಟುಬಿಟ್ಟಳು. ಹೊರಗೆ ತೆಗೆದಾಗ ಮೇಲೆಲ್ಲ ಸೂಜಿಯಂಥ ಮಂಜಿನ ಎಳೆಗಳು. ಹಣ್ಣಿನ ತುಂಡು ಕಲ್ಲಿನಂತಾಗಿತ್ತು. ಕರಗಿದ ಮೇಲೆ ಜೆಲ್ಲಿ ಒಂದು ಕಡೆ ಮುದುಡಿತ್ತು, ನೀರು ಇನ್ನೊಂದು ಕಡೆ ನಿಂತಿತ್ತು. ತಪ್ಪು ಅವಳದಲ್ಲ, ನನ್ನ ಕ್ರಿಯಾಪದದ್ದು. ಚಳಿಗೆ ಕೆರೆಯ ನೀರು ಹೆಪ್ಪುಗಟ್ಟಿತು ಎಂದು ಬರೆಯುವವರು ನಾವೇ ತಾನೆ?

ಎರಡನೆಯದು, ಪಾತ್ರೆಯ ತಳದಲ್ಲಿ ಬೆಣ್ಣೆ, ಸಕ್ಕರೆ ಹರಡಿ, ಅದರ ಮೇಲೆ ಅನಾನಸಿನ ಬಿಲ್ಲೆಗಳನ್ನು ಜೋಡಿಸಿ, ಹಿಟ್ಟು ಸುರಿದು ಬೇಯಿಸಿ, ಆಮೇಲೆ ತಟ್ಟೆಗೆ ತಿರುವಿ ಹಾಕುವ ಕೇಕ್. 'ತಲೆಕೆಳಗು ಕೇಕ್' ಎಂದರೆ ಕೇಕ್ ಕೆಟ್ಟುಹೋಯಿತೆಂಬ ಧ್ವನಿ ಬರುತ್ತದೆ. ಬೇರೆ ಏನಿದೆ? ದಯವಿಟ್ಟು ಇಂದು ರಾತ್ರಿಯೊಳಗೆ ತಿಳಿಸಿ.

ಮರುನುಡಿ 1

'ಗಟ್ಟಿಯಾಗುವವರೆಗೆ.' ಇದಕ್ಕೆ ಚರ್ಚೆಯೇ ಬೇಕಿರಲಿಲ್ಲ. ಇನ್ನೊಂದಕ್ಕೆ 'ಮಗುಚು ಕೇಕ್'.

ಮರುನುಡಿ 2

ಗಟ್ಟಿಯಾಗುವುದು ಕಲ್ಲು, ಜೆಲ್ಲಿಯಲ್ಲ. ಬೆರಳು ತಾಗಿದರೆ ಅದುರುವ ವಸ್ತುವಿಗೆ ಗಟ್ಟಿ ಎನ್ನುವುದು ಸೋಮಾರಿತನ.

ನಮ್ಮಲ್ಲಿ ಇದಕ್ಕೆಂದೇ ಒಂದು ಮಾತಿದೆ: ಹೆರೆ. ಕರಗಿದ ತುಪ್ಪ ತಣಿದು ನಿಂತರೆ 'ತುಪ್ಪ ಹೆರೆತಿದೆ' ಎನ್ನುತ್ತೇವೆ. ಹಳಗನ್ನಡದ 'ಪೆರೆ'ಯೇ, ಪಕಾರ ಹಕಾರವಾಗಿ, 'ಹೆರೆ' ಆಗಿದೆ. ಹೆಪ್ಪು ಕೂಡ ಇದೇ ಬಳ್ಳಿಯದು. ಹೆಪ್ಪು ಎಂದರೆ ಹೊರಗಿನಿಂದ ಹಾಕುವ ವಸ್ತು, ಹೆರೆಯುವುದು ತಣಿದಾಗ ತಾನಾಗಿ ಆಗುವ ಕ್ರಿಯೆ. ಜೆಲ್ಲಿಯಲ್ಲಿ ನಡೆಯುವುದು ಎರಡನೆಯದು. 'ಹೆರೆಯುವವರೆಗೆ ತಣ್ಣಗಿಡಿ' ಎಂದು ಬರೆಯಿರಿ. ಮಾತು ಬಳಸದಿದ್ದರೆ ಸಾಯುತ್ತದೆ, ಸತ್ತ ಮೇಲೆ ಅದು ನಮ್ಮಲ್ಲಿರಲೇ ಇಲ್ಲ ಎಂದು ಇಂಗ್ಲಿಷಿನಿಂದ ಎರವಲು ತರುತ್ತೇವೆ. ಇದು ಕಣ್ಣೆದುರಿಗೇ ನಡೆಯುತ್ತಿದೆ.

ಅಂದ ಹಾಗೆ, ಜೆಲ್ಲಿ ಏಕೆ? 'ಹಣ್ಣಿನ ಲೋಳೆ' ಎನ್ನಬಹುದಲ್ಲ.

ಮರುನುಡಿ 3

ಲೋಳೆ ಬೇಡ. ಆ ಹೆಸರಿಟ್ಟರೆ ಯಾರೂ ಚಮಚ ಎತ್ತುವುದಿಲ್ಲ.

ಹೆರೆ ಒಳ್ಳೆಯ ಮಾತು, ಒಪ್ಪಿದೆ. ಆದರೆ ಅಡುಗೆಮನೆಯಲ್ಲಿ ಇನ್ನೊಂದು ಹೆರೆ ಕೂತಿದೆ: ಹೆರೆಮಣೆಯ ಹೆರೆ. ಭೂತಕಾಲದಲ್ಲಿ ಎರಡೂ ಬೇರೆಯಾಗುತ್ತವೆ, ಹೆರೆದ ಕಾಯಿ, ಹೆರೆತ ತುಪ್ಪ. ಭವಿಷ್ಯದಲ್ಲಿ ಒಂದೇ: ಹೆರೆಯುವ, ಹೆರೆಯುವವರೆಗೆ. ಪಾಕವಿಧಾನದಲ್ಲಿ ಬೇಕಾಗುವುದು ಇದೇ ರೂಪ. ಕೇಳಿದವರ ಗೆಳತಿ ಈ ಸಲ ಅನಾನಸನ್ನು ತುರಿಯಲು ಕೂರುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ನಿಮ್ಮ ಪುಸ್ತಕದಲ್ಲಿ ಹಸಿ ಅನಾನಸನ್ನು ಜೆಲಟಿನ್‌ಗೆ ಹಾಕಲು ಹೇಳಿದ್ದರೆ ಯಾವ ಕ್ರಿಯಾಪದ ಬಳಸಿದರೂ ಸುಳ್ಳಾಗುತ್ತದೆ, ಏಕೆಂದರೆ ಆ ಜೆಲ್ಲಿ ನಿಲ್ಲುವುದೇ ಇಲ್ಲ. ಹಸಿ ಹಣ್ಣಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವ ಇರುತ್ತದೆ. ಅದು ಪ್ರೋಟೀನನ್ನು ತುಂಡರಿಸುತ್ತದೆ, ಜೆಲಟಿನ್ ಪ್ರೋಟೀನೇ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೂ ಬಟ್ಟಲಲ್ಲಿ ಉಳಿಯುವುದು ಪಾನಕ. ಹಣ್ಣನ್ನು ಕೆಲವು ನಿಮಿಷ ಚೆನ್ನಾಗಿ ಕುದಿಸಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಡಬ್ಬಿಯ ಹಣ್ಣು ಡಬ್ಬಿಗೆ ಹೋಗುವಾಗಲೇ ಬಿಸಿ ಕಂಡಿರುತ್ತದೆ, ಹಾಗಾಗಿ ಅದರಿಂದ ತೊಂದರೆಯಿಲ್ಲ. ಕಡಲಪಾಚಿಯಿಂದ ಬರುವ ಅಗರ್ ಪ್ರೋಟೀನಲ್ಲ, ಅದನ್ನು ಬಳಸಿದರೆ ಹಸಿ ಹಣ್ಣೂ ಆದೀತು.

ಇದೇ ಕಿಣ್ವ ಹಾಲನ್ನೂ ಬಿಡುವುದಿಲ್ಲ. ಹಸಿ ಹಣ್ಣಿಗೆ ಹಾಲು, ಕೆನೆ ಬೆರೆಸಿ ಇಟ್ಟರೆ ಹಾಲು ಒಡೆದು ಕಹಿಯಾಗುತ್ತದೆ. ಅಲ್ಲಿ 'ಹಾಲು ಹೆಪ್ಪುಗಟ್ಟದಂತೆ' ಎಂದು ಬರೆಯಬೇಕಾಗಿ ಬಂದೀತು. ಒಂದೇ ಪುಸ್ತಕದಲ್ಲಿ ಒಂದು ಪುಟದಲ್ಲಿ ಬೇಕಾದದ್ದು, ಇನ್ನೊಂದು ಪುಟದಲ್ಲಿ ಬೇಡವಾದದ್ದು, ಎರಡಕ್ಕೂ ಹೆಪ್ಪೇ ಆದರೆ ಓದುವವರು ಏನು ಮಾಡಬೇಕು? ಜೆಲ್ಲಿಯ ಪುಟದಿಂದ ಹೆಪ್ಪನ್ನು ತೆಗೆಯಿರಿ.

ಕೇಕಿಗೆ 'ಕವುಚು ಕೇಕ್'. ಮಗುಚುವುದು ಬಾಣಲೆಯಲ್ಲಿರುವುದನ್ನು ಅಲ್ಲೇ ತಿರುವುವುದು. ಪಾತ್ರೆಯನ್ನೇ ಬೋರಲು ಹಾಕುವುದು ಕವುಚುವುದು. ಇಲ್ಲಿ ಮಾಡುವುದು ಅದನ್ನೇ.

ಮರುನುಡಿ 4

ಅನಾನಸ್, ಜೆಲ್ಲಿ, ಕೇಕ್, ಫ್ರಿಜ್, ಜೆಲಟಿನ್. ಐದೂ ಹೊರಗಿನವು. ಇವನ್ನೆಲ್ಲ ಒಳಗೆ ಬಿಟ್ಟು ಒಂದು ಕ್ರಿಯಾಪದಕ್ಕೆ ಕಾವಲು ಕೂತಿದ್ದೀರಿ. ಮಲಯಾಳದವರು ಇದೇ ಹಣ್ಣಿಗೆ ಕೇದಗೆಯನ್ನೂ ಹಲಸನ್ನೂ ಕೂಡಿಸಿ 'ಕೈತಚ್ಚಕ್ಕ' ಎಂದರು. ಎಲೆ ನೋಡಿದರು, ಹಣ್ಣು ನೋಡಿದರು, ಹೆಸರಿಟ್ಟರು. ನಮಗೇಕೆ ಆಗಲಿಲ್ಲ? 'ಕೇದಗೆಹಲಸು' ಎನ್ನಿ. ಕೇಕ್ ಬಿಡಲಾಗದಿದ್ದರೆ ಸಂಧಿಯನ್ನಾದರೂ ಮಾಡಿ: ಕವುಚುಗೇಕ್.

ಮರುನುಡಿ 5

ಆದೇಶ ಸಂಧಿಯನ್ನು ಎರವಲಿನ ಮೇಲೆ ಹೇರಬೇಡಿ. 'ಗೇಕ್' ಎಂದರೆ ಯಾರಿಗೂ ತಿಳಿಯದು.

ಅನಾನಸಿನ ಬಗ್ಗೆ: ಇದು ಇಂಗ್ಲಿಷಿನ ಎಂಜಲಲ್ಲ. ದಕ್ಷಿಣ ಅಮೆರಿಕದ ಟುಪಿ ಜನರ 'ನನಸ್' ಪೋರ್ಚುಗೀಸರ ಬಾಯಲ್ಲಿ 'ಅನನಾಸ್' ಆಗಿ ಹಡಗು ಹತ್ತಿತು. ಬೆಳೆದವರು ಇಟ್ಟ ಹೆಸರು ಹಣ್ಣಿನ ಜೊತೆಗೇ ನಮ್ಮಲ್ಲಿಗೆ ಬಂದಿದೆ. ಹೆಸರು ತಪ್ಪಿದ್ದು ಇಂಗ್ಲಿಷಿನಲ್ಲಿ. ಪೈನ್ ಮರದ ಕಾಯಿಗೆ ಇದ್ದ ಮಾತನ್ನೇ ತಂದು ಇದಕ್ಕೆ ಅಂಟಿಸಿದರು. ಬಟಾಟೆಯನ್ನೂ ಪೋರ್ಚುಗೀಸರ ದಾರಿಯಲ್ಲೇ ಪಡೆದೆವು, ಅದನ್ನು ಹೊರಗೆ ಹಾಕುತ್ತೀರಾ?

ಎರವಲು ನಮ್ಮದಾಗುವುದು ವಿಭಕ್ತಿ ಹತ್ತಿದಾಗ. 'ಅನಾನಸ್‌ನ' ಎಂದು ಅರ್ಧಾಕ್ಷರದ ಬಾಲ ಬಿಟ್ಟು ಬರೆಯುವುದನ್ನು ನಿಲ್ಲಿಸಿ. ಅನಾನಸು, ಅನಾನಸಿನ, ಅನಾನಸಿಗೆ. ನನ್ನ ಜಗಳ ಇಷ್ಟಕ್ಕೇ.

ಮರುನುಡಿ 4ರವರಿಂದ

ಬಟಾಟೆಗೆ ನಾನು ಆಲೂಗಡ್ಡೆ ಎನ್ನುತ್ತೇನೆ.

ಮರುನುಡಿ 5ರವರಿಂದ

'ಆಲೂ' ಎಲ್ಲಿಂದ ಬಂತು, ನೋಡಿಕೊಳ್ಳಿ.

ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಮೂರನೆಯವರು ಹೇಳಿದ ಮೇಲೆ ಮೂಲವನ್ನು ಮತ್ತೆ ತೆರೆದು ನೋಡಿದೆ. ಹಣ್ಣನ್ನು ಸಕ್ಕರೆ ನೀರಿನಲ್ಲಿ ಕುದಿಸುವ ಸಾಲು ಅಲ್ಲಿತ್ತು. ರುಚಿಗೆಂದು ಇರಬೇಕು ಎಂದುಕೊಂಡು 'ಬೇಕಿದ್ದರೆ ಕುದಿಸಿ' ಎಂದು ಸಡಿಲಗೊಳಿಸಿದವನು ನಾನು. 'ಬೇಕಿದ್ದರೆ' ಹೋಗಿದೆ. ಹಣ್ಣಿನ ನಡುವಿನ ನಾರಿನ ಭಾಗಕ್ಕೆ 'ಕಾಂಡ' ಎಂದಿದ್ದೆ, ಅದನ್ನು 'ದಿಂಡು' ಮಾಡಿದ್ದೇನೆ. ಬಾಳೆಗೆ ಒಪ್ಪಿದ್ದು ಇದಕ್ಕೂ ಒಪ್ಪುತ್ತದೆ. ಕೇಕ್ 'ಕವುಚು ಕೇಕ್' ಆಗಿಯೇ ಹೋಗುತ್ತದೆ, ಸಂಧಿಯಿಲ್ಲದೆ. ಅನಾನಸಿಗೆ ಎಲ್ಲ ಕಡೆ ಉಕಾರ ಹಚ್ಚಿದ್ದೇನೆ.

'ಹೆರೆ'ಯನ್ನು ಬಿಡಲು ಮನಸ್ಸಿಗೆ ಕಷ್ಟವಾಯಿತು. ಕವುಚು ಕೇಕಿನ ಪುಟದಲ್ಲಿ ಅದಕ್ಕೆ ಜಾಗ ಸಿಕ್ಕಿದೆ: 'ಹೆರೆತ ಬೆಣ್ಣೆಯಾದರೆ ಮೊದಲು ಕರಗಿಸಿಕೊಳ್ಳಿ.' ಅಲ್ಲಿ ಯಾರಿಗೂ ಗೊಂದಲವಿಲ್ಲ.

ಜೆಲ್ಲಿಯ ಸಾಲು ಈಗ ಹೀಗಿದೆ: 'ಬಟ್ಟಲನ್ನು ಫ್ರೀಜರಿನಲ್ಲಿಡದೆ ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಡಿ. ಓರೆ ಮಾಡಿದರೆ ಹರಿಯದೆ, ಮೆಲ್ಲಗೆ ತಟ್ಟಿದರೆ ಅದುರುವಷ್ಟು ಬಿಗಿಯಾಗಲಿ.' ಗೆಳತಿಗೆ ಫೋನಿನಲ್ಲಿ ಓದಿ ಹೇಳಿದೆ. ಮರುಪ್ರಶ್ನೆ ಕೇಳದೆ ಸರಿಯಾದ ಅಂಕಣದಲ್ಲೇ ಇಟ್ಟಳು.