ಐರನ್ ಕ್ರಾಸ್ ಜೊತೆ ಬಂದ ಪ್ರದಾನಪತ್ರವನ್ನು ನಂಬಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ಹಳೆಯ ವಸ್ತುಗಳ ಸಂತೆಯಲ್ಲಿ 1914ರ ಎರಡನೇ ದರ್ಜೆಯ ಐರನ್ ಕ್ರಾಸ್ (ಜರ್ಮನಿಯ ಸೇನಾ ಪದಕ) ಒಂದನ್ನು ನೋಡಿದೆ. ಜೊತೆಗೆ ಬವೇರಿಯಾದ (ಮ್ಯೂನಿಕ್ ಇರುವ ಪ್ರಾಂತ್ಯ) ಸೈನಿಕನೊಬ್ಬನ ಹೆಸರಿರುವ 1917ರ ಪ್ರದಾನಪತ್ರ, ಅಂದರೆ ಪದಕ ಕೊಟ್ಟದ್ದಕ್ಕೆ ದಾಖಲೆಯಾದ ಕಾಗದ, ಇದೆ. ಪತ್ರವಿರುವುದರಿಂದ ಇದು ಅಪರೂಪದ್ದು ಎಂದು ವ್ಯಾಪಾರಿ ದುಪ್ಪಟ್ಟು ಬೆಲೆ ಹೇಳುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಪದಕವಂತೂ ಅಪರೂಪದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಎರಡನೇ ದರ್ಜೆಯ ಕ್ರಾಸನ್ನು ಸುಮಾರು 50 ಲಕ್ಷ ಮಂದಿಗೆ ಕೊಟ್ಟರು. ಪಡೆದವನ ಹೆಸರನ್ನು ಅದರ ಮೇಲೆ ಕೆತ್ತುವ ಪದ್ಧತಿ ಇರಲಿಲ್ಲವಾದ್ದರಿಂದ ಯಾರದೋ ಪದಕಕ್ಕೆ ಇನ್ಯಾರದೋ ಪತ್ರ ಸೇರಿಸಿ ಮಾರುವುದು ಸುಲಭ. ನೀವು ಹೆಚ್ಚುವರಿ ಹಣ ಕೊಡುವುದು ಕಾಗದಕ್ಕೆ. ಪರೀಕ್ಷೆಯನ್ನೂ ಅಲ್ಲಿಂದಲೇ ಶುರು ಮಾಡಿ.

ಸೈನಿಕ ಬವೇರಿಯಾದವನಾಗಿರುವುದು ನಿಮ್ಮ ಅದೃಷ್ಟ. ಆಗಿನ ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾದ ಸೇನೆಯ ದಾಖಲೆಗಳಲ್ಲಿ ಬಹುಪಾಲು 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಬವೇರಿಯಾದ ಸೈನಿಕರ ನೋಂದಣಿ ಪುಸ್ತಕಗಳು ಉಳಿದಿವೆ, ಅದೂ ನಿಮ್ಮ ಮ್ಯೂನಿಕ್‌ನ ಯುದ್ಧ ಪತ್ರಾಗಾರದಲ್ಲಿಯೇ. ಹುಟ್ಟಿದ ಊರು, ಕಸುಬು, ಹೋರಾಡಿದ ಕಾಳಗಗಳು, ಪಡೆದ ಪದಕಗಳನ್ನು ಅವುಗಳಲ್ಲಿ ಬರೆದಿಡುತ್ತಿದ್ದರು. ಪತ್ರದಲ್ಲಿರುವ ಹೆಸರು, ಹುದ್ದೆ, ರೆಜಿಮೆಂಟು, ದಿನಾಂಕ ಇವೆಲ್ಲ ಅಲ್ಲಿಯ ನಮೂದಿಗೆ ಹೊಂದಿದರೆ ಮಾತ್ರ ಹೆಚ್ಚಿನ ಬೆಲೆಯ ಮಾತು. ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬಣ್ಣದ ಚುಕ್ಕಿಗಳಾಗಿ ಒಡೆದು ಕಂಡರೆ ಅದು ಪ್ರಿಂಟರ್‌ನಿಂದ ಬಂದದ್ದು.

ಪದಕದಲ್ಲಿ ಕಪ್ಪು ಬಣ್ಣದ ಕಬ್ಬಿಣದ ತಿರುಳನ್ನು ಎರಡು ಬೆಳ್ಳಿ ಚೌಕಟ್ಟುಗಳ ನಡುವೆ ಕೂರಿಸಿ ಬೆಸುಗೆ ಹಾಕಿರುತ್ತಾರೆ. ಅಂಚಿನಲ್ಲಿ ಆ ಕೂಡುಗೆರೆಯನ್ನು ಹುಡುಕಿ. ಆಯಸ್ಕಾಂತಕ್ಕೆ ಅಂಟಿದರೆ ಅಸಲಿ ಎನ್ನುವವರನ್ನು ನಂಬಬೇಡಿ, ನಕಲು ಮಾಡುವವರ ಬಳಿಯೂ ಕಬ್ಬಿಣವಿದೆ. ಕೊಂಡ ಮೇಲೆ ದಯವಿಟ್ಟು ಪಾಲಿಶ್ ಮಾಡಬೇಡಿ.

ಇನ್ನೊಬ್ಬ ಸದಸ್ಯರು: ಎರಡನೇ ಮಹಾಯುದ್ಧದ ಬ್ಯಾಡ್ಜ್‌ಗಳಿಗೂ ಇದೇ ಕ್ರಮವೇ?

ಉತ್ತರ: ಕ್ರಮ ಅದೇ, ದಾಖಲೆಗಳಿರುವ ಜಾಗ ಬೇರೆ. ಆ ಕಾಲದ ಸೈನಿಕರ ಕಡತಗಳು ಬರ್ಲಿನ್‌ನಲ್ಲಿ, 2019ರಿಂದ ಜರ್ಮನಿಯ ಕೇಂದ್ರ ಪತ್ರಾಗಾರದ ಸುಪರ್ದಿಯಲ್ಲಿವೆ. ಜರ್ಮನಿಯಲ್ಲಿ ನಾಜಿ ಚಿಹ್ನೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ದಂಡ ಸಂಹಿತೆಯ 86ಎ ಕಲಮಿನಡಿ ಅಪರಾಧ; ಸಂಶೋಧನೆ, ಬೋಧನೆಗಳಿಗೆ ವಿನಾಯಿತಿಯಿದೆ. ಗೋಡೆಗೆ ತೂಗುಹಾಕುವ ಅಲಂಕಾರವೆಂದು ಇವುಗಳನ್ನು ಎಣಿಸಲೇಬಾರದು.

ಇಲ್ಲಿ ಮೂಲ ತಿಳಿಯುವುದೆಂದರೆ ಬೆಲೆ ಏರುವುದಷ್ಟೇ ಅಲ್ಲ. 1944ರ ಜನವರಿಯಲ್ಲಿ ಗೆರಿಲ್ಲಾಗಳ ವಿರುದ್ಧದ ಕಾರ್ಯಾಚರಣೆಗೆಂದು ಒಂದು ಬ್ಯಾಡ್ಜ್ ಸ್ಥಾಪಿಸಿದರು. ಕಂಚಿನದಕ್ಕೆ 20, ಬೆಳ್ಳಿಯದಕ್ಕೆ 50, ಚಿನ್ನದ್ದಕ್ಕೆ 100 ದಿನಗಳ ಹೋರಾಟ. ಬೆಲಾರುಸ್‌ನಲ್ಲಿ ಅಂಥ ಕಾರ್ಯಾಚರಣೆಗಳ ಹೆಸರಿನಲ್ಲಿ ಹಳ್ಳಿಗಳನ್ನು ಜನಸಮೇತ ಸುಟ್ಟರು. ಸೈನಿಕನ ಹೆಸರು, ತುಕಡಿ ಗೊತ್ತಾದರೆ ಅವನು ಎಲ್ಲಿದ್ದ ಎಂಬುದೂ ಗೊತ್ತಾಗಬಹುದು. ಇಂಥದ್ದನ್ನು ನಾನು ಮಾರುವುದಿಲ್ಲ. ಕಾಗದಪತ್ರಗಳ ಸಮೇತ ವಸ್ತುಸಂಗ್ರಹಾಲಯಕ್ಕೆ ಕೊಡಿ ಎನ್ನುತ್ತೇನೆ.

ಮೊದಲ ಪ್ರಶ್ನೆ ಕೇಳಿದವರು: ಸರ್, ವ್ಯಾಪಾರಿ ಕಾಯಲು ಒಪ್ಪುತ್ತಿಲ್ಲ.

ಉತ್ತರ: ಹಾಗಾದರೆ ಪತ್ರವನ್ನು ಲೆಕ್ಕಕ್ಕೆ ಹಿಡಿಯದೆ ಬರೀ ಪದಕದ ಬೆಲೆ ಹೇಳಿ. ಒಪ್ಪದಿದ್ದರೆ ಬಿಟ್ಟು ಬನ್ನಿ. ಈ ದರ್ಜೆಯದು ಮತ್ತೆ ಸಿಕ್ಕೇ ಸಿಗುತ್ತದೆ.