ಪುಟ್ಟಿ ಹೊರಟಿರುವ ಸ್ಯಾಕ್‌ವಿಲ್
ದೊಡ್ಡಣ್ಣ, ನಿನ್ನೆ ಕೇಳಿದ್ದೆಯಲ್ಲ, ಪುಟ್ಟಿಗೆ ಕೆನಡಾದ ಮೌಂಟ್ ಆಲಿಸನ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಅದಿರುವ ಆರು ಸಾವಿರ ಜನರ ಆ ಸ್ಯಾಕ್‌ವಿಲ್‌ನಲ್ಲಿ ಏನು ಮಣ್ಣಿದೆ ಅಂತ. ಮಣ್ಣೇ ಇರೋದು ಮಾರಾಯ! ನಮ್ಮ ಮಾಂಕ್ಟನ್‌ನಿಂದ 50 ಕಿಲೋಮೀಟರ್. ಹೋಗಿ ಬಂದು ಮಾಡುತ್ತಿರುತ್ತೇನೆ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ.

ಫಂಡಿ ಕೊಲ್ಲಿಯ ಉಬ್ಬರ ಜಗತ್ತಲ್ಲೇ ಜಾಸ್ತಿ. ಆ ನೀರು ನುಗ್ಗುವ ಜೌಗು ನೆಲ ಇದು. ಟ್ಯಾಂಟ್ರಮಾರ್ ಅಂತಾರೆ. ಮೊದಲಿಂದ ಇದ್ದವರು ಮಿಕ್ಮಾಕ್ ಜನ. 1600ರ ಕೊನೆಗೆ ಅಕೇಡಿಯನ್ ಫ್ರೆಂಚರು ಬಂದು ಒಡ್ಡು ಹಾಕಿದರು. ಒಡ್ಡಿನಡಿ ಮರದ ತೂಬು, ಅದಕ್ಕೊಂದು ತೂಗುಬಾಗಿಲು. ಇಳಿತದಲ್ಲಿ ಒಳಗಿನ ಮಳೆನೀರು ಬಾಗಿಲು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಉಬ್ಬರ ಬಂದರೆ ಸಮುದ್ರವೇ ಬಾಗಿಲು ಒತ್ತಿ ಮುಚ್ಚುತ್ತದೆ. ನಮ್ಮ ಕುಮಟಾ ಕಡೆ ಉಪ್ಪುನೀರು ನುಗ್ಗುವ ಗಜನಿ ಗದ್ದೆ ನೆನಪಾಯಿತಾ? ಇಲ್ಲೂ ಒಡ್ಡಿನೊಳಗೆ ಕೆಲವು ವರ್ಷ ಮಳೆ ಬಿದ್ದು ಉಪ್ಪು ತೊಳೆದರೆ ಒಳ್ಳೆ ಫಸಲು. ಪಾಪ, 1755ರಲ್ಲಿ ಬ್ರಿಟಿಷರು ಆ ಅಕೇಡಿಯನ್ ಜನರನ್ನೇ ಎಬ್ಬಿಸಿ ಓಡಿಸಿದರು.

ಆಮೇಲೆ ಊರು ಬದುಕಿದ್ದು ಒಣಹುಲ್ಲಿನ ಮೇಲೆ. ನಗು ಬರುತ್ತೆ ಅಲ್ವಾ? ಪೇಟೆಯ ಕುದುರೆಗೂ, ಮರ ಕಡಿಯುವ ಕ್ಯಾಂಪಿನ ಕುದುರೆಗೂ ಇಲ್ಲಿಂದಲೇ ಹುಲ್ಲು. ಕಾರು ಬಂತು, ಹುಲ್ಲು ಕೇಳುವವರಿಲ್ಲ. ಬಯಲ ತುಂಬಾ ಇದ್ದ ನೂರಾರು ಹುಲ್ಲಿನ ಕೊಟ್ಟಿಗೆಗಳಲ್ಲಿ ಈಗ ಒಂದೋ ಎರಡೋ ವಾಲಿಕೊಂಡು ನಿಂತಿವೆ. ಎರಕದ ಒಲೆ ಮಾಡುವ ಎಂಟರ್‌ಪ್ರೈಸ್-ಫಾಸೆಟ್ ಕಾರ್ಖಾನೆ ಇತ್ತು, 2012ರಲ್ಲಿ ಬೆಂಕಿಗೆ ಹೋಯಿತು. ಅದೇ ವರ್ಷ ಹೊರದೇಶಗಳಿಗೆ ಪ್ರಸಾರ ಮಾಡುತ್ತಿದ್ದ ರೇಡಿಯೊ ಕೆನಡಾ ಇಂಟರ್‌ನ್ಯಾಷನಲ್‌ನ ಶಾರ್ಟ್‌ವೇವ್ ಕೇಂದ್ರವೂ ಬಂದ್. ಆ ಗೋಪುರಗಳ ಹತ್ತಿರದ ಮನೆಗಳಲ್ಲಿ ಸಿಂಕಿನೊಳಗಿಂದ ರೇಡಿಯೊ ಮಾತಾಡುತ್ತಿತ್ತಂತೆ. ಪಾತ್ರೆ ತೊಳೀತಾ ವಾರ್ತೆ ಕೇಳಬಹುದಿತ್ತು ನೋಡು!

ಇಷ್ಟೆಲ್ಲ ಹೋದರೂ ಉಳಿದದ್ದು ಕಾಲೇಜು. ಚಾರ್ಲ್ಸ್ ಆಲಿಸನ್ ಅನ್ನೋ ವ್ಯಾಪಾರಿ 1839ರಲ್ಲಿ ಶಾಲೆಗೆ ಅಂತ ದುಡ್ಡು ಕೊಡಲು ಮುಂದೆ ಬಂದಿದ್ದು, ಅಲ್ಲಿಂದ ಬೆಳೆಯಿತು. ಪುಟ್ಟಿಗೆ ಇದೊಂದು ಹೇಳು: 1875ರಲ್ಲಿ ಗ್ರೇಸ್ ಆ್ಯನಿ ಲಾಕ್‌ಹಾರ್ಟ್ ಇಲ್ಲೇ ಪದವಿ ಪಡೆದಳು. ಇಡೀ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಬ್ಯಾಚುಲರ್ ಪದವಿ ಪಡೆದ ಮೊದಲ ಹೆಣ್ಣು.

ಈಗ ಊರನ್ನು ಸಾಕೋದು ಎರಡು ಸಾವಿರ ಚಿಲ್ಲರೆ ವಿದ್ಯಾರ್ಥಿಗಳು. ಬಾಡಿಗೆ, ಕಾಫಿ ಅಂಗಡಿ, ಪಿಜ್ಜಾ, ಎಲ್ಲ ಅವರ ಮೇಲೇ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದರೆ ಜಾತ್ರೆ ಮುಗಿದ ಮಾರನೇ ದಿನದ ಹಾಗೆ. ಅದಕ್ಕೇ ಹೇಳೋದು, ಬೇಸಿಗೆಯಲ್ಲೂ ಅಲ್ಲೇ ಪಾರ್ಟ್‌ಟೈಮ್ ಕೆಲಸ ಸಿಗುತ್ತೆ ಅಂತ ಲೆಕ್ಕ ಹಾಕಬೇಡ. ಬೇಸಿಗೆಗೆ ನಮ್ಮನೆಗೆ ಬರಲಿ. ಮೊದಲ ವರ್ಷ ಹಾಸ್ಟೆಲೇ ಸರಿ. ಆಮೇಲೆ ರೂಮು ಹಿಡಿಯುವಾಗ ಕಾಲೇಜು ನಡೆಯುವ ಎಂಟು ತಿಂಗಳಿಗಾ, ವರ್ಷಪೂರ್ತಿ ಹನ್ನೆರಡಕ್ಕಾ ಅಂತ ಕೇಳಿಯೇ ಸಹಿ ಹಾಕಬೇಕು. ನಮ್ಮ ಪರಿಚಯದ ಹುಡುಗನೊಬ್ಬ ಸುಮ್ನೆ ನಾಲ್ಕು ತಿಂಗಳು ಖಾಲಿ ರೂಮಿಗೆ ಬಾಡಿಗೆ ಕಟ್ಟಿದ.

ಜಾಕೆಟ್ ಇಂಡಿಯಾದಲ್ಲಿ ಕೊಳ್ಳಬೇಡಿ, ಇಲ್ಲಿ ನಾನೇ ಕರ್ಕೊಂಡು ಹೋಗ್ತೀನಿ. ಸ್ಯಾಕ್‌ವಿಲ್‌ನ ಆ ಬಯಲಲ್ಲಿ ಗಾಳಿಗೆ ಅಡ್ಡ ನಿಲ್ಲೋಕೆ ಏನೂ ಇಲ್ಲ.