ಲಾಗರ್ ಬಿಯರ್ ಪ್ರತಿ ಸಲ ಒಂದೇ ಥರ ಬರುತ್ತಿಲ್ಲ. ಬರೆದಿಟ್ಟ ಅಂಕಿಗಳಿಂದ ಕಾರಣ ಸಿಗುತ್ತದಾ?

ಪ್ರಶ್ನೆ: ನಮಸ್ಕಾರ ಸರ್. ಬೆಂಗಳೂರಿನ ಒಂದು ಸಣ್ಣ ಬ್ರೂಪಬ್‌ನಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬ್ಯಾಚ್ 1,000 ಲೀಟರ್. ನಮ್ಮ ಲಾಗರ್ 12 ಪ್ಲೇಟೊದಲ್ಲಿ (ದ್ರವದಲ್ಲಿ ಕರಗಿದ ಸಕ್ಕರೆಯ ಅಳತೆ) ಶುರುವಾಗುತ್ತದೆ. ಮುಗಿಯುವುದು ಮಾತ್ರ ಒಮ್ಮೆ 2.5, ಒಮ್ಮೆ 3.1, ಎರಡು ಸಲ 3.6. ಮೂರು ಬ್ಯಾಚ್‌ಗಳಲ್ಲಿ ಬೆಣ್ಣೆ ವಾಸನೆಯೂ ಬಂತು. ಫೈನಲ್ ಗ್ರಾವಿಟಿ, ಅಂದರೆ ಮುಗಿದಾಗಿನ ಈ ಅಂಕಿ, 3 ದಾಟಿದರೆ ಮುಂದಿನ ಬ್ಯಾಚ್‌ಗೆ ಮ್ಯಾಶ್ (ಮೊಳಕೆ ಬರಿಸಿದ ಧಾನ್ಯವಾದ ಮಾಲ್ಟನ್ನು ಬಿಸಿ ನೀರಿನಲ್ಲಿ ನೆನೆಸುವ ಹಂತ) ಬಿಸಿ ಒಂದು ಡಿಗ್ರಿ ಇಳಿಸುತ್ತೇವೆ. ಆದರೂ ಸರಿಹೋಗಿಲ್ಲ. 30 ಬ್ಯಾಚ್‌ಗಳ ಲೆಕ್ಕ ನೋಟ್‌ಬುಕ್‌ನಲ್ಲಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: 30 ಬ್ಯಾಚ್ ಬರೆದಿಟ್ಟಿದ್ದೀರಿ, ಅರ್ಧ ಕೆಲಸ ಆಗಿದೆ. ಮೊದಲು ಮ್ಯಾಶ್ ಬಿಸಿ ಬದಲಿಸುವುದನ್ನು ನಿಲ್ಲಿಸಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಒಂದೇ ಟ್ಯಾಂಕಿನ ಒಂದೇ ಸ್ಯಾಂಪಲನ್ನು ಮೂರು ಜನ ಅಳೆಯಿರಿ, ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣಬಾರದು. ಅಲ್ಲೇ 0.3 ವ್ಯತ್ಯಾಸ ಬಂದರೆ ನಿಮ್ಮ ನೋಟ್‌ಬುಕ್‌ನಲ್ಲಿರುವುದು ಬಿಯರ್‌ನ ಏರಿಳಿತವಲ್ಲ, ಅಳೆದವರ ಕೈಯ ಏರಿಳಿತ. ಸ್ಯಾಂಪಲ್‌ನ ಗ್ಯಾಸ್ ಪೂರ್ತಿ ಹೋಗಿರಬೇಕು. ಗುಳ್ಳೆ ಅಂಟಿದರೆ ಹೈಡ್ರೋಮೀಟರ್ (ದ್ರವದಲ್ಲಿ ತೇಲಿಸಿ ಗ್ರಾವಿಟಿ ಅಳೆಯುವ ಕೊಳವೆ) ಮೇಲೇಳುತ್ತದೆ, ಅಂಕಿ ಜಾಸ್ತಿ ತೋರಿಸುತ್ತದೆ. ಹೈಡ್ರೋಮೀಟರನ್ನು 20 ಡಿಗ್ರಿಗೆ ಹೊಂದಿಸಿ ಮಾಡಿದ್ದರೆ ಸ್ಯಾಂಪಲ್ ಕೂಡ 20 ಡಿಗ್ರಿಯಲ್ಲಿರಲಿ. ಹುದುಗಿದ ಮೇಲೆ ರಿಫ್ರ್ಯಾಕ್ಟೋಮೀಟರ್ (ಬೆಳಕಿನಿಂದ ಸಕ್ಕರೆ ಅಳೆಯುವ ಸಾಧನ) ಅಂಕಿಯನ್ನು ಹಾಗೇ ನಂಬಬೇಡಿ, ಆಲ್ಕೋಹಾಲ್ ಅದನ್ನು ಕೆಡಿಸುತ್ತದೆ.

ಆಮೇಲೆ 30 ಅಂಕಿಗಳನ್ನು ತಾರೀಖಿನ ಸಾಲಿನಲ್ಲೇ ಗ್ರಾಫ್ ಹಾಕಿ. ಪಕ್ಕಪಕ್ಕದ ಬ್ಯಾಚ್‌ಗಳ ನಡುವಿನ ವ್ಯತ್ಯಾಸಗಳ ಸರಾಸರಿ ತೆಗೆಯಿರಿ, ಅದನ್ನು 2.66ರಿಂದ ಗುಣಿಸಿ. ಫೈನಲ್ ಗ್ರಾವಿಟಿಯ ಸರಾಸರಿ 2.8, ವ್ಯತ್ಯಾಸದ ಸರಾಸರಿ 0.15 ಅಂತ ಇಟ್ಟುಕೊಳ್ಳಿ. 0.15 ಗುಣಿಸು 2.66, ಹತ್ತಿರಹತ್ತಿರ 0.4. ಅಂದರೆ 2.4ರಿಂದ 3.2ರವರೆಗೆ ನಿಮ್ಮ ಬ್ರೂಪಬ್‌ನ ಮಾಮೂಲಿ ಏರಿಳಿತ. 3.1ಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಅದಕ್ಕೆ ಹೆದರಿ ಬಿಸಿ ಇಳಿಸಿದರೆ ಇದ್ದ ಏರಿಳಿತಕ್ಕೆ ನೀವೇ ಇನ್ನೊಂದಿಷ್ಟು ಸೇರಿಸಿದಂತೆ. 3.6 ಬೇರೆ ವಿಷಯ, ಅದರ ಹಿಂದೆ ಏನೋ ಇದೆ. ಸತತ ಎಂಟು ಬ್ಯಾಚ್ ಸರಾಸರಿಯ ಒಂದೇ ಬದಿಗಿದ್ದರೂ ಏನೋ ಬದಲಾಗಿದೆ ಅಂತಲೇ ಅರ್ಥ.

ನಾನು ಹಿಂದೆ ಇದ್ದ ಒಂದು ಕಡೆ ತಿಂಗಳುಗಟ್ಟಲೆ ಮಾಲ್ಟ್ ಸರಿಯಿಲ್ಲ ಅಂತ ಜಗಳ ಮಾಡಿದ್ದೆವು. ಗ್ರಾಫ್ ಹಾಕಿದಾಗ ಏರಿಕೆ ಒಂದು ನಿರ್ದಿಷ್ಟ ವಾರದಿಂದ ಶುರುವಾಗಿದ್ದು ಕಂಡಿತು. ಆ ವಾರವೇ ಮ್ಯಾಶ್ ಮಾಡುವ ಪಾತ್ರೆಯ ಥರ್ಮಾಮೀಟರ್ ಬದಲಿಸಿದ್ದೆವು. ಅದು 66 ತೋರಿಸುವಾಗ ನಿಜವಾಗಿ 68 ಇತ್ತು. ಬಿಸಿ ಜಾಸ್ತಿಯಾದರೆ ಯೀಸ್ಟ್ ತಿನ್ನಲಾಗದ ಸಕ್ಕರೆ ಜಾಸ್ತಿ ಉಳಿಯುತ್ತದೆ, ಫೈನಲ್ ಗ್ರಾವಿಟಿ ಏರುತ್ತದೆ. ಹಾಗಾಗಿ ರಿಪೇರಿ, ಹೊಸ ಮಾಲ್ಟ್ ಲಾಟ್, ಯೀಸ್ಟ್ ಎಷ್ಟನೇ ಜನರೇಷನ್ (ಎಷ್ಟನೇ ಸಲ ಬಳಸುತ್ತಿರುವುದು), ಯಾವ ಟ್ಯಾಂಕ್, ಎಲ್ಲಿಯ ನೀರು, ಇವನ್ನೆಲ್ಲ ಬ್ಯಾಚ್ ಪಕ್ಕದಲ್ಲೇ ಬರೆಯಿರಿ.

ಬೆಣ್ಣೆ ವಾಸನೆ ಹುದುಗುವಾಗ ಹುಟ್ಟುವ ಡೈಅಸಿಟೈಲ್ ಎಂಬ ರಾಸಾಯನಿಕದ್ದು. ಲಾಗರ್‌ನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ಟ್ಯಾಂಕ್ ತಂಪು ಮಾಡುವ ಮೊದಲು ಎರಡು ಸ್ಯಾಂಪಲ್ ತೆಗೆದು ಮುಚ್ಚಿಡಿ. ಒಂದನ್ನು 60–70 ಡಿಗ್ರಿ ನೀರಿನಲ್ಲಿ 20 ನಿಮಿಷ ಇಟ್ಟು ಆರಿಸಿ, ಎರಡನ್ನೂ ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ವಾಸನೆ ಬಂದರೆ ಯೀಸ್ಟ್‌ಗೆ ಇನ್ನೂ ಕೆಲಸ ಇದೆ, ಕಾಯಿರಿ. ‘ಬಂತು’ ಅಥವಾ ‘ಇಲ್ಲ’ ಅಂತ ಅದಕ್ಕೂ ಒಂದು ಕಾಲಂ ಇರಲಿ.

ಮತ್ತೊಬ್ಬರ ಪ್ರಶ್ನೆ: ಸರ್, ಇದನ್ನೆಲ್ಲ ಮೆಷಿನ್ ಲರ್ನಿಂಗ್‌ಗೆ ಕೊಟ್ಟರೆ ಮುಂಚೆಯೇ ಗೊತ್ತಾಗಲ್ವಾ?

ಉತ್ತರ: 30 ಬ್ಯಾಚ್‌ಗೆ ಬೇಡ. ಕಾಲಂ ಹನ್ನೆರಡು ಇದ್ದರೆ ಯಾವುದೋ ಒಂದು ಸುಮ್ನೆ ಹೊಂದಿಕೊಂಡಂತೆ ಕಾಣುತ್ತದೆ. ಕಡಿಮೆ ಸ್ಯಾಂಪಲ್‌ನ ಈ ತೊಂದರೆ ಬ್ರೂವರಿಗಳಿಗೆ ಹಳೆಯದು. ವಿಲಿಯಂ ಗಾಸೆಟ್ 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಸೇರಿದರು. ನಾಲ್ಕೈದು ಅಳತೆಗಳಿಂದ ಎಷ್ಟರ ಮಟ್ಟಿಗೆ ಖಚಿತವಾಗಿ ಹೇಳಬಹುದು ಅಂತ ಲೆಕ್ಕ ಹಾಕಿ, 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಲ್ಲಿ ಪ್ರಕಟಿಸಿದರು. ಇವತ್ತು ಕಾಲೇಜಿನಲ್ಲಿ ಕಲಿಯುವ ಟಿ-ಟೆಸ್ಟ್ ಅಲ್ಲಿಂದ ಬಂದದ್ದು. ನನಗೆ ತುಂಬಾ ಹೆಮ್ಮೆಯ ವಿಷಯ ಇದು.

ಮೊದಲು ಕೇಳಿದವರು: ಸರ್, ಮಾಡಿ ನೋಡಿದೆ. ಎರಡೂ 3.6 ಏಪ್ರಿಲ್‌ನವು. ಯೀಸ್ಟ್ 9 ಮತ್ತು 10ನೇ ಜನರೇಷನ್. ಆದರೆ ಆಗಲೇ ಆರ್‌ಒ ಕೆಟ್ಟು ಟ್ಯಾಂಕರ್ ನೀರನ್ನೇ ಬಳಸಿದ್ದೆವು. ಯಾವುದು ಕಾರಣ?

ಉತ್ತರ: ಎರಡೂ ಒಟ್ಟಿಗೇ ಬದಲಾಗಿವೆ, ಹಾಗಾಗಿ ಹಳೆಯ ಲೆಕ್ಕ ಇದಕ್ಕೆ ಉತ್ತರ ಕೊಡುವುದಿಲ್ಲ. ಎರಡರ ಮೇಲೂ ಅನುಮಾನ ಪಡಬಹುದು. ಟ್ಯಾಂಕರ್‌ನಲ್ಲಿ ಬಂದದ್ದು ಬೈಕಾರ್ಬನೇಟ್ ಜಾಸ್ತಿ ಇರುವ ಬೋರ್‌ವೆಲ್ ನೀರಾಗಿದ್ದರೆ ಅದು ಮ್ಯಾಶ್ ಪಿಎಚ್ ಏರಿಸಬಲ್ಲದು, ದಣಿದ ಯೀಸ್ಟ್ ಅರ್ಧದಲ್ಲೇ ನಿಲ್ಲಬಲ್ಲದು. ಇನ್ನು ಮುಂದೆ ಪ್ರತಿ ಬ್ಯಾಚ್‌ನಿಂದ ಅರ್ಧ ಲೀಟರ್ ವರ್ಟ್ (ಹುದುಗುವ ಮೊದಲಿನ ಸಿಹಿ ದ್ರವ) ಒಂದು ಬಾಟಲಿಗೆ ತೆಗೆದು, ಹೊಸ ಯೀಸ್ಟ್ ಧಾರಾಳವಾಗಿ ಹಾಕಿ, ಸುಮಾರು 25 ಡಿಗ್ರಿಯಲ್ಲಿ ಎರಡು ದಿನ ಆಗಾಗ ಕಲಕುತ್ತಾ ಇಡಿ. ಆ ವರ್ಟ್ ಎಷ್ಟು ಕೆಳಗೆ ಇಳಿಯಬಲ್ಲದು ಅಂತ ಅದು ತೋರಿಸುತ್ತದೆ. ಬಾಟಲಿಯಲ್ಲಿ 2.7, ಟ್ಯಾಂಕಿನಲ್ಲಿ 3.6 ಬಂದರೆ ಯೀಸ್ಟ್ ಕಡೆ ನೋಡಿ. ಎರಡರಲ್ಲೂ 3.6 ಬಂದರೆ ಮ್ಯಾಶ್ ಮತ್ತು ನೀರಿನ ಕಡೆ ಹೋಗಿ. ಮ್ಯಾಶ್ ಪಿಎಚ್ ಕೂಡ ಬರೆಯಿರಿ, 5.2ರಿಂದ 5.6ರೊಳಗೆ ಇರಬೇಕು. ನಾಲ್ಕು ಬ್ಯಾಚ್ ಆದ ಮೇಲೆ ಅಂಕಿಗಳನ್ನು ಇಲ್ಲೇ ಹಾಕಿ, ಒಟ್ಟಿಗೆ ಕೂತು ನೋಡೋಣ.